ಎಂಟು ಬೈ ನಾಲ್ಕರ ಮೇಜು

"ಸಾರ್, ಇದು ಕೇರಂ ಬೋರ್ಡಾ?" ಬಡಗಿ ಕೇಳಿದ ಮೊದಲ ಪ್ರಶ್ನೆಯೇ ಇದು. ನಾನು ಬರೆದುಕೊಟ್ಟ ಅಳತೆಯ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಒಳಗಡೆ 93 ಇಂಚು ಉದ್ದ, 45 ಇಂಚು ಅಗಲ, ಸುತ್ತಲೂ ಅಂಚುಪಟ್ಟಿ. "ಇಷ್ಟು ದೊಡ್ಡ ಕೇರಂ ಬೋರ್ಡಿಗೆ ತೂತೇ ಇಲ್ವಲ್ಲ?" ಇದರ ಮೇಲೆ ರೋಬೋ ಓಡಾಡುತ್ತೆ ಅಂದೆ. ನಕ್ಕರು. ಆಮೇಲೆ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಲೆಕ್ಕ ಹಾಕಿ, "ಪ್ಲೈವುಡ್ ಶೀಟು ಬರೋದೇ ಎಂಟು ಬೈ ನಾಲ್ಕು ಅಡಿ. ಸುತ್ತ ಒಂದೂವರೆ ಇಂಚು ದಪ್ಪದ ರೀಪು ಹೊಡೆದ್ರೆ ಒಳಗೆ ನಿಮ್ಮ ಅಳತೆ ಸರಿಯಾಗಿ ಉಳಿಯುತ್ತೆ. ಶೀಟು ಕೊಯ್ಯೋದೇ ಬೇಡ" ಅಂದರು. ಈ ಅಮೆರಿಕದವರು ಯಾಕೆ ಇಂಥ ವಿಚಿತ್ರ ಅಳತೆ ಇಟ್ಟಿದ್ದಾರೆ ಅಂತ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಕೋಲಾರದ ಬಡಗಿಗೆ ಅದು ಅರ್ಧ ನಿಮಿಷದಲ್ಲಿ ಹೊಳೆಯಿತು.

2017ರ ಆಗಸ್ಟ್ ಕೊನೆಯ ಮಾತು. ನಾನು ಕೋಲಾರದಿಂದ ಬಂಗಾರಪೇಟೆಗೆ ಹೋಗುವ ದಾರಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಗಣೇಶನ ಹಬ್ಬಕ್ಕೆ ಊರಿಗೆ ಬಂದವನು ಶಾಲೆಗೂ ಬಂದ. "ಸಾರ್, ಫಸ್ಟ್ ಲೆಗೊ ಲೀಗ್ ಅಂತ ಒಂದು ರೋಬೋಟಿಕ್ಸ್ ಸ್ಪರ್ಧೆ ಇದೆ. ಕಿಟ್ ನಾನು ಕೊಡಿಸ್ತೀನಿ, ಮಕ್ಕಳನ್ನ ನೀವು ಹೊಂದಿಸಿ" ಅಂದ. ಕಿಟ್ಟಿನ ಬೆಲೆ ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಸಂಬಳ. ಅಷ್ಟು ದುಡ್ಡಿನ ಆಟದ ಸಾಮಾನನ್ನು ನಾನು ಅದುವರೆಗೆ ಮುಟ್ಟಿಯೂ ನೋಡಿರಲಿಲ್ಲ.

ಏಳು ಮಕ್ಕಳು ಹೆಸರು ಕೊಟ್ಟರು. ಕೊಠಡಿ ಕೇಳಲು ಹೋದಾಗ ಹೆಡ್‌ಮಾಸ್ಟರ್ರು, "ಏಳು ಜನಕ್ಕೆ ಒಂದು ರೂಮಾ ಮೇಷ್ಟ್ರೇ?" ಎಂದು ಕನ್ನಡಕದ ಮೇಲಿಂದ ನೋಡಿದರು. ನಾನು ಓದಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸಿದೆ. ಸೆಗ್ವೇ ಎಂಬ ಎರಡು ಚಕ್ರದ ಗಾಡಿ ಮಾಡಿದ ಡೀನ್ ಕೇಮನ್ 1989ರಲ್ಲಿ ಈ ಫಸ್ಟ್ ಸಂಸ್ಥೆ ಕಟ್ಟಿದ್ದು, ಅಮೆರಿಕದ ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಜೊತೆ ಸೇರಿ ಸ್ಪರ್ಧೆ ರೂಪಿಸಿದ್ದು, 1992ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ ಬರೀ 28 ತಂಡಗಳಿಂದ ಅದು ಶುರುವಾಗಿದ್ದು, ಜೋಡಿಸುವ ಆಟಿಕೆ ತುಂಡು ಮಾಡುವ ಲೆಗೊ ಕಂಪನಿ ಜೊತೆ ಸೇರಿ ಚಿಕ್ಕ ಮಕ್ಕಳ ಲೀಗು ಹುಟ್ಟಿದ್ದು 1998ರಲ್ಲಿ. "ಸಾರ್, ಅವರೂ ಶುರು ಮಾಡಿದ್ದು ಒಂದು ಹೈಸ್ಕೂಲಿನ ಜಿಮ್ಮಿನಲ್ಲೇ" ಎಂದು ಮುಗಿಸಿದೆ. "ನಮ್ಮಲ್ಲಿ ಜಿಮ್ಮೂ ಇಲ್ಲವಲ್ಲ ಮಾರಾಯರೇ" ಅಂದು, ಮುರಿದ ಬೆಂಚು ಒಟ್ಟಿದ್ದ ಕೋಣೆಯ ಬೀಗದ ಕೈ ಕೊಟ್ಟರು.

ಸ್ಪರ್ಧೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ವರ್ಷ ಒಂದು ವಿಷಯ ಕೊಡುತ್ತಾರೆ. ಆ ವಿಷಯದ ಚಿತ್ರವಿರುವ ದೊಡ್ಡ ಹಾಸನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಲೆಗೊ ತುಂಡುಗಳಲ್ಲೇ ಕಟ್ಟಿದ ಮಾದರಿಗಳನ್ನು ಕೂರಿಸಬೇಕು. ಮಕ್ಕಳು ಮೊದಲೇ ಪ್ರೋಗ್ರಾಮ್ ಬರೆದಿಟ್ಟ ರೋಬೋ ಎರಡೂವರೆ ನಿಮಿಷದಲ್ಲಿ ಅಲ್ಲಿನ ಕೆಲಸಗಳನ್ನು ತಾನೇ ಮಾಡಬೇಕು. ರಿಮೋಟ್ ಇಲ್ಲ. ಬೇಸಿನಿಂದ, ಅಂದರೆ ಅದು ಹೊರಡುವ ಜಾಗದಿಂದ, ಆಚೆ ಹೋದ ರೋಬೋವನ್ನು ಕೈಯಿಂದ ಮುಟ್ಟಿದರೆ ಅಂಕ ಹೋಯಿತು. ರೋಬೋದಲ್ಲಿ ಲೆಗೊ ಬಿಟ್ಟು ಬೇರೇನೂ ಇರಕೂಡದು, ಅಂಟು, ಟೇಪು ಕೂಡ. ಚಕ್ರ ಜಾರುತ್ತೆ ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ತಂದ ಹುಡುಗನಿಗೆ ಈ ನಿಯಮ ಒಪ್ಪಿಸಲು ನನಗೆ ಎರಡು ದಿನ ಹಿಡಿಯಿತು. ಪಂಪ್‌ಸೆಟ್ಟು ಸೈಕಲ್ ಟ್ಯೂಬಿನಲ್ಲೇ ಬದುಕುವ ಊರು ನಮ್ಮದು. ಇಷ್ಟೇ ಅಲ್ಲದೆ ಅದೇ ವಿಷಯದ ಮೇಲೆ ತಮ್ಮ ಊರಿನ ಒಂದು ಸಮಸ್ಯೆ ಹಿಡಿದು ಪ್ರಾಜೆಕ್ಟ್ ಮಾಡಿ ತೀರ್ಪುಗಾರರ ಮುಂದೆ ಮಾತಾಡಬೇಕು.

ಆ ವರ್ಷದ ವಿಷಯ ಹೈಡ್ರೋ ಡೈನಮಿಕ್ಸ್, ಅಂದರೆ ನೀರು. ಕೋಲಾರದ ಮಕ್ಕಳಿಗೆ ನೀರಿನ ಪ್ರಶ್ನೆ! ಸಾವಿರದಿನ್ನೂರು ಅಡಿ ಕೊರೆಸಿ ಬರೀ ದೂಳು ಕಂಡ ಮನೆಯವರು ಆ ಏಳರಲ್ಲಿ ಮೂವರಿದ್ದರು. ಒಬ್ಬನ ಅಪ್ಪ ಬೋರ್‌ವೆಲ್ ಲಾರಿಯ ಡ್ರೈವರು.

ಈಗ ಒಂದು ತಪ್ಪೊಪ್ಪಿಗೆ. ಆ ಮೊದಲ ರೋಬೋ ಕಟ್ಟಿದ್ದು ಮಕ್ಕಳಲ್ಲ, ನಾನು. ಹಗಲು ಮಕ್ಕಳು ಕಟ್ಟಿದ್ದನ್ನು ರಾತ್ರಿ ಮನೆಗೆ ಒಯ್ದು, ಬಿಚ್ಚಿ, "ಸರಿ" ಮಾಡಿ ಬೆಳಿಗ್ಗೆ ತಂದಿಡುತ್ತಿದ್ದೆ. ಮಕ್ಕಳಿಗೆ ಗೊತ್ತಾಗುತ್ತಿತ್ತು, ಸುಮ್ಮನಿರುತ್ತಿದ್ದರು. ಒಂದೇ ಒಂದನ್ನು ಮಾತ್ರ ಅವರೇ ಕಂಡುಹಿಡಿದರು, ಅದೂ ನನ್ನ ತಪ್ಪಿನಿಂದ. ನಾನು ಪ್ರೋಗ್ರಾಮಿನಲ್ಲಿ "ಎರಡು ಸೆಕೆಂಡು ಮುಂದೆ ಹೋಗು" ಅಂತ ಬರೆದಿದ್ದೆ. ಬೆಳಿಗ್ಗೆ ಮಾದರಿಯ ಎದುರಿಗೇ ನಿಲ್ಲುವ ರೋಬೋ ಸಂಜೆ ಹೊತ್ತಿಗೆ ನಾಲ್ಕು ಬೆರಳು ಹಿಂದೆ ನಿಲ್ಲುತ್ತಿತ್ತು. ನೆಲ ಓರೆಯಾಗಿದೆ ಅಂದುಕೊಂಡು ಮೇಜಿನ ಕಾಲಿಗೆ ರಟ್ಟು ಕೊಟ್ಟೆ. ಆಗ ಒಂಬತ್ತನೇ ಕ್ಲಾಸಿನ ಹುಡುಗಿ, "ಸಾರ್, ನಮ್ಮನೆ ಟಾರ್ಚೂ ಹಿಂಗೇ. ಸೆಲ್ಲು ಹೊಸದಾಗಿದ್ರೆ ಜೋರು, ಹಳೇದಾದ್ರೆ ಮಂಕು" ಅಂದಳು. ಅಲ್ಲಿಗೆ ಬೆಳಕಾಯಿತು. ಬ್ಯಾಟರಿ ಇಳಿದಂತೆ ಮೋಟಾರಿನ ವೇಗ ಇಳಿಯುತ್ತದೆ, ಅದೇ ಎರಡು ಸೆಕೆಂಡಿನಲ್ಲಿ ಹೋಗುವ ದೂರವೂ ಇಳಿಯುತ್ತದೆ. ಸೆಕೆಂಡು ಬಿಟ್ಟು ಚಕ್ರದ ಸುತ್ತು ಎಣಿಸಬೇಕು. ನಮ್ಮ ಇವಿ3 ಕಿಟ್ಟಿನ ಚಕ್ರದ ವ್ಯಾಸ 5.6 ಸೆಂ.ಮೀ. ಅದನ್ನು 22/7ರಿಂದ ಗುಣಿಸಿದರೆ ಸರಿಯಾಗಿ 17.6. ಒಂದು ಸುತ್ತಿಗೆ 17.6 ಸೆಂಟಿಮೀಟರು. ವೃತ್ತದ ಪರಿಧಿಯನ್ನು ನಾನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಕಲಿಸಿದ್ದೆ; ಉತ್ತರ ಬಂದ ಕೂಡಲೇ ಮಕ್ಕಳು ಅಳತೆಪಟ್ಟಿ ಹಿಡಿದು ಓಡಿದ್ದು ಅದೇ ಮೊದಲು.

ಬೆಂಗಳೂರಿನ ಪ್ರಾದೇಶಿಕ ಸುತ್ತಿಗೆ ಬೆಳಗಿನ ಜಾವ ಐದರ ಬಸ್ಸು. ರೋಬೋ ಇಡಲು ಪೆಟ್ಟಿಗೆ ಇರಲಿಲ್ಲ. ಟೊಮೇಟೊ ಕ್ರೇಟಿಗೆ ಹಳೇ ಕಂಬಳಿ ಹಾಸಿ ಅದರಲ್ಲಿ ಕೂರಿಸಿದೆವು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಬಂದು, ಒಳಗೆ ಇಣುಕಿ, "ಇದೇನು, ಕಚ್ಚಲ್ವಾ?" ಎಂದು ಕೇಳಿ ಹಾಗೇ ಬಿಟ್ಟುಹೋದರು. ಇವತ್ತಿಗೂ ನಮ್ಮ ರೋಬೋಗಳು ಪ್ರಯಾಣ ಮಾಡುವುದು ಕ್ರೇಟಿನಲ್ಲೇ. ಬೇರೆ ತಂಡದವರು ಗಾಲಿಯಿರುವ ಸೂಟ್‌ಕೇಸು ತರುತ್ತಾರೆ. ಗಾಳಿಯಾಡುವ ವಿಷಯದಲ್ಲಿ ನಮ್ಮದೇ ಮೇಲು.

ಮೂರು ಸುತ್ತಿನಲ್ಲಿ ಒಳ್ಳೆಯದೊಂದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಅಂಕ ಮೊದಲ ಸಲಕ್ಕೆ ಚೆನ್ನಾಗಿಯೇ ಬಂತು. ಆದರೆ ರೋಬೋ ವಿನ್ಯಾಸದ ಕೋಣೆಯಲ್ಲಿ ತೀರ್ಪುಗಾರರಾಗಿದ್ದ ಹೆಂಗಸು ರೋಬೋದ ತೋಳು ತೋರಿಸಿ, "ಇಲ್ಲಿ 8 ಹಲ್ಲಿನ ಚಕ್ರಕ್ಕೆ 40 ಹಲ್ಲಿನದ್ದು ಯಾಕಮ್ಮ ಜೋಡಿಸಿದ್ದೀರಿ?" ಎಂದು ಕೇಳಿದರು. ಟಾರ್ಚಿನ ಹುಡುಗಿ ರೋಬೋ ನೋಡಲಿಲ್ಲ. ತಿರುಗಿ, ಬಾಗಿಲ ಬಳಿ ನಿಂತಿದ್ದ ನನ್ನ ಮುಖ ನೋಡಿದಳು. ಉಳಿದ ಆರೂ ಜನ ನೋಡಿದರು. ಆ ಹೆಂಗಸೂ ನೋಡಿದರು. ಐದು ಪಟ್ಟು ನಿಧಾನ, ಐದು ಪಟ್ಟು ಬಲ ಎಂಬ ಒಂದು ಸಾಲಿನ ಉತ್ತರ ಅದು. ನಾನು ಹೇಳುವಂತಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ.

ಪ್ರಾಜೆಕ್ಟಿನಲ್ಲೂ ಪೆಟ್ಟು ಬಿತ್ತು, ಅದು ಬೇರೆ ಥರದ್ದು. ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಕೊಡುವ ಊರಿನ ಶುದ್ಧ ನೀರಿನ ಘಟಕದಿಂದ ಹೊರಗೆ ಹರಿದು ಹೋಗುವ ನೀರನ್ನು ಮಕ್ಕಳು ಬಕೆಟ್ ಇಟ್ಟು ಅಳೆದಿದ್ದರು. ಅದನ್ನು ಗಿಡಕ್ಕೆ ಬಿಡಬಹುದು ಎಂಬುದು ಅವರ ಪರಿಹಾರ. ತೀರ್ಪುಗಾರರೊಬ್ಬರು ಮೆಲ್ಲಗೆ, "ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ. ಘಟಕ ತೆಗೆದುಹಾಕಿದ ಫ್ಲೋರೈಡ್ ಎಲ್ಲಿಗೆ ಹೋಗುತ್ತೆ?" ಅಂದರು. ಹೊರಗೆ ಹರಿಯುವ ನೀರಿಗೇ! ಗಿಡಕ್ಕೆ ಬಿಡುತ್ತೇವೆ ಅಂದಿದ್ದು ಅದನ್ನೇ. ಬೋರ್‌ವೆಲ್ ಲಾರಿಯ ಹುಡುಗ ವಾಪಸು ಬರುವಾಗ ಹೊಸಕೋಟೆ ದಾಟುವ ತನಕ ಮಾತಾಡಲಿಲ್ಲ. ಆಮೇಲೆ, "ಸಾರ್, ಅವರು ಬೈದಿದ್ದಲ್ಲ ಅಲ್ವಾ? ನಿಜವಾಗ್ಲೂ ಕೇಳಿದ್ದು ಅಲ್ವಾ?" ಅಂದ. ಹೌದು ಕಣೋ ಅಂದೆ. ದೊಡ್ಡವರು ತನಗೆ ಉತ್ತರ ಗೊತ್ತಿರಬಹುದು ಅಂದುಕೊಂಡು ಪ್ರಶ್ನೆ ಕೇಳಿದ್ದು ಅವನಿಗೆ ಹೊಸತು.

ಆರು ತಿಂಗಳ ನಂತರ, 2018ರ ಜೂನಿನಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಇಡೀ ಜಿಲ್ಲೆ ನೋಡಲು ಹೋಯಿತು, ನಾವೂ ಹೋದೆವು. ನಮ್ಮ ಮೇಜಿನ ಮೇಲೆ ರೋಬೋ ಲಿವರ್ ಒತ್ತಿ ನಡೆಸುತ್ತಿದ್ದ ಕೊಳಚೆ ನೀರಿನ ಘಟಕದ ಮಾದರಿ ನೆನಪಾಗಿ ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ದಡದ ಮೇಲೆ ಪೂಜೆ ಮಾಡುವವರೂ ಇದ್ದರು, ಮೂಗು ಮುಚ್ಚಿಕೊಂಡವರೂ ಇದ್ದರು. "ಎರಡೂ ಸಲ ಶುದ್ಧ ಮಾಡಿರ್ತಾರಾ, ಮೂರನೇದೂ ಮಾಡಿರ್ತಾರಾ?" ಎಂದು ನಮ್ಮ ಹುಡುಗಿ ಪಕ್ಕದಲ್ಲಿ ನಿಂತ ಪಂಚಾಯಿತಿ ಸದಸ್ಯರನ್ನು ಕೇಳಿದಳು. ಎರಡೇ ಅಂತೆ ಕಣಮ್ಮ ಅಂದರು ಅವರು. ಅವಳು ಬರೆದುಕೊಂಡಳು.

ಎರಡನೇ ವರ್ಷದಿಂದ ಮೇಜಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ಗೆರೆಯಾಚೆ ಒಂದು ಪ್ಲಾಸ್ಟಿಕ್ ಸ್ಟೂಲು, ಅದು ನನ್ನದು. ರೋಬೋ ಮುಟ್ಟಲು ಗೆರೆ ದಾಟಿದರೆ ಹತ್ತು ರೂಪಾಯಿ ದಂಡ. ಮೊದಲ ತಿಂಗಳಲ್ಲಿ ನನ್ನಿಂದ ನೂರಾನಲವತ್ತು ರೂಪಾಯಿ ವಸೂಲಿ ಮಾಡಿ ಎಲ್ಲರೂ ಬೋಂಡಾ ತಿಂದರು. ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ತಪ್ಪಾಗುತ್ತಿರುವುದು ಕಣ್ಣಿಗೆ ಕಾಣುತ್ತಿರುತ್ತದೆ, ನಾಲಿಗೆ ತುರಿಸುತ್ತಿರುತ್ತದೆ. ಆ ವರ್ಷ ಬಾಹ್ಯಾಕಾಶದ ವಿಷಯ. ನಮ್ಮ ಅಂಕ ಹಿಂದಿನ ವರ್ಷದ ಅರ್ಧಕ್ಕೂ ಬರಲಿಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರು ಸಭೆಯಲ್ಲಿ, "ಮೇಷ್ಟ್ರು ಹೋದ ವರ್ಷ ಚೆನ್ನಾಗಿ ಆಡ್ತಿದ್ರು, ಈ ವರ್ಷ ಮಕ್ಕಳ ಮೇಲೆ ಬಿಟ್ಟುಬಿಟ್ಟಿದ್ದಾರೆ" ಅಂದರು. ದೂರು ಅಂತ ಹೇಳಿದ್ದು, ಸತ್ಯವೇ ಆಗಿತ್ತು.

ಆಗಲೇ ಶುರುವಾದದ್ದು ತಪ್ಪಿನ ಪುಸ್ತಕ. 200 ಪುಟದ ಲಾಂಗ್ ನೋಟ್‌ಬುಕ್. ಏನು ಕೆಟ್ಟಿತು, ಯಾವತ್ತು, ಯಾಕಿರಬಹುದು, ಏನು ಮಾಡಿದೆವು. ಇಷ್ಟೇ ಅದರಲ್ಲಿ. "ಗೆರೆ ಹಿಡಿದು ಹೋಗುವಾಗ ಬೆಂಗಳೂರಲ್ಲಿ ದಾರಿ ತಪ್ಪಿತು. ಅಲ್ಲಿ ಲೈಟು ಜಾಸ್ತಿ. ಹೋದ ತಕ್ಷಣ ಸೆನ್ಸಾರಿಗೆ ಕಪ್ಪು ಬಿಳಿ ತೋರಿಸಬೇಕು." "ರೋಬೋ ಸೊಟ್ಟ ಹೋದರೆ ಬೈಯಬೇಡಿ. ಹಿಂದಕ್ಕೆ ಬಿಟ್ಟು ಗೋಡೆಗೆ ಒತ್ತಿದರೆ ತಾನೇ ನೆಟ್ಟಗಾಗುತ್ತೆ." "ಗೈರೋ (ತಿರುವು ಅಳೆಯುವ ಸೆನ್ಸಾರು) ಚಾಲೂ ಆಗುವಾಗ ರೋಬೋ ಅಲ್ಲಾಡಿಸಬಾರದು. ಅಲ್ಲಾಡಿಸಿದವರು: ನಾನು." ಹತ್ತನೇ ಕ್ಲಾಸು ಮುಗಿಸಿ ಹೋಗುವವರು ಎಂಟನೆಯವರ ಕೈಗೆ ಆ ಪುಸ್ತಕ ಕೊಡುವುದು ಪದ್ಧತಿಯಾಯಿತು. ಈಗ ಐದನೇ ಪುಸ್ತಕ ನಡೆಯುತ್ತಿದೆ. ಕಾರ್ಯಕ್ರಮ ಬೆಳೆದದ್ದು ಹೇಗೆ ಎಂದು ಬೇರೆ ಶಾಲೆಯವರು ಕೇಳಿದಾಗ ನಾನು ಟ್ರೋಫಿಯ ಬೀರು ತೋರಿಸುವುದಿಲ್ಲ. ಅದರಲ್ಲಿ ಇರುವುದೂ ಎರಡೇ.

2019ರಲ್ಲಿ ಎರಡು ತಂಡ, ಹದಿನೆಂಟು ಮಕ್ಕಳು. ಅಷ್ಟರಲ್ಲಿ ಹತ್ತಿರದ ಇನ್ನೊಂದು ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿತ್ತು. 2016ರಲ್ಲಿ ಶುರುವಾದ ಕೇಂದ್ರದ ಯೋಜನೆ ಅದು, ಆರರಿಂದ ಹನ್ನೆರಡನೇ ತರಗತಿಯವರಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, ಹತ್ತು ಲ್ಯಾಬ್ ಕಟ್ಟಲು, ಹತ್ತು ನಡೆಸಲು. ಅವರ ಹತ್ತಿರ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ತ್ರೀಡಿ ಪ್ರಿಂಟರು ಎಲ್ಲ ಇತ್ತು, ಮಕ್ಕಳನ್ನು ಕೂರಿಸುವ ಮೇಷ್ಟ್ರು ಇರಲಿಲ್ಲ. ನಮ್ಮ ಹತ್ತಿರ ಮಕ್ಕಳಿದ್ದರು, ಸಾಮಾನಿರಲಿಲ್ಲ. ಶನಿವಾರ ಮಧ್ಯಾಹ್ನ ಅವರು ಇಲ್ಲಿ, ಭಾನುವಾರ ನಾವು ಅಲ್ಲಿ. ಸಂಬಂಧ ಕುದುರಿತು.

ಮುಂದಿನ ಮಾರ್ಚಿಗೆ ಕೊರೋನಾ ಬಂದು ಎಲ್ಲ ನಿಂತಿತು. ಹೊರದೇಶಗಳಲ್ಲಿ ವೀಡಿಯೊ ಮೇಲೆ ಸ್ಪರ್ಧೆ ನಡೆಯಿತು. ನಮ್ಮಲ್ಲಿ ಒಂದು ಮನೆಗೆ ಒಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ಮೇಜಿನ ಮೇಲೆ ರೇಷನ್ ಕಿಟ್ ಜೋಡಿಸಿ ಹಂಚಿದೆವು. ಹದಿನೆಂಟಿದ್ದದ್ದು ಸೊನ್ನೆಯಾಯಿತು.

ಮತ್ತೆ ಶಾಲೆ ತೆರೆದಾಗ ಸೈಕಲ್ ಟ್ಯೂಬಿನ ಹುಡುಗನ ತಮ್ಮ ಬರಲಿಲ್ಲ. ಕೈ ಚುರುಕಿನ ಹುಡುಗ, ಗೇರು ಜೋಡಿಸುವುದರಲ್ಲಿ ಅವನ ಸಮ ಇನ್ನೊಬ್ಬರಿರಲಿಲ್ಲ. ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಲೋಡಿಂಗಿಗೆ ಸೇರಿಕೊಂಡಿದ್ದ. ಆ ವರ್ಷದ ವಿಷಯ ಕಾರ್ಗೊ ಕನೆಕ್ಟ್, ಸರಕು ಸಾಗಣೆ. ಮೇಜಿನ ಮೇಲೆ ಹಡಗು, ರೈಲು, ಸೇತುವೆ. ಮಕ್ಕಳು ತಾವಾಗಿಯೇ, "ಸಾರ್, ಅವನನ್ನೇ ಕೇಳೋಣ" ಅಂದರು.

ಬೆಳಿಗ್ಗೆ ಹೋದೆವು. ಎಪಿಎಂಸಿ ಅಂಗಳದಲ್ಲಿ ಕೆಂಪು ಕ್ರೇಟುಗಳ ಗೋಡೆ, ಹರಾಜಿನ ಕೂಗು, ಕನ್ನಡ ತೆಲುಗು ತಮಿಳು ಎಲ್ಲ ಒಂದೇ ಉಸಿರಿನಲ್ಲಿ. ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನಮಗೆ ಮೇಷ್ಟ್ರಾದ. ಕ್ರೇಟಿಗೆ ಹದಿನೈದು ಕೇಜಿ, ಯಾವ ಕಾಯಿ ಡೆಲ್ಲಿ ತನಕ ತಡೆಯುತ್ತೆ, ಯಾವುದು ಇಲ್ಲೇ ಮುಗಿಯಬೇಕು, ಲಾರಿಯಲ್ಲಿ ಕೆಳಗಿನ ಸಾಲು ಯಾಕೆ ಮೊದಲು ರಸವಾಗುತ್ತೆ. ಮಕ್ಕಳು ಕ್ರೇಟಿನ ತಳಕ್ಕೆ ಸ್ಪ್ರಿಂಗಿನಂಥ ಮೆತ್ತೆ ಹಾಕುವ ಯೋಚನೆ ಹೇಳಿದರು. ಅವನು ಕ್ರೇಟೊಂದನ್ನು ಎತ್ತಿ, "ಇದ್ರ ತೂಕ ಅರ್ಧ ಕೇಜಿ ಜಾಸ್ತಿ ಆದ್ರೆ ದಿನಕ್ಕೆ ಐನೂರು ಸಲ ಎತ್ತೋನು ನಾನು. ನಿಮ್ ಮೆತ್ತೆ ನನ್ ಬೆನ್ನಿಗೆ ಹಾಕಿ" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಪ್ರಾಜೆಕ್ಟು ಅಲ್ಲೇ ತಿರುಗಿತು; ಕ್ರೇಟು ಬಿಟ್ಟು, ಎತ್ತುವವನ ಮೊಣಕಾಲೆತ್ತರಕ್ಕೆ ತಾನೇ ಏರುವ ಕಟ್ಟೆಯ ಮಾದರಿ ಮಾಡಿದರು. ಪ್ರಾಜೆಕ್ಟಿಗೆ ಬಹುಮಾನ ಬಂತು. ಸರ್ಟಿಫಿಕೇಟಿನ ಒಂದು ಝೆರಾಕ್ಸ್ ಅವನಿಗೂ ಕೊಟ್ಟು ಬಂದರು. ಅವನು ಶಾಲೆಗೆ ವಾಪಸು ಬರಲಿಲ್ಲ. ನಾನು ಮೂರು ಸಲ ಮನೆಗೆ ಹೋದೆ.

ಅದರ ಮುಂದಿನ ವರ್ಷ ವಿದ್ಯುತ್ತಿನ ವಿಷಯ. ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟು ಕೊಟ್ಟ ಕತೆ ಹೇಳಿದೆ. ಸುಮಾರು 147 ಕಿ.ಮೀ. ದೂರ. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. "ಹಂಗಾದ್ರೆ ಬೆಂಗಳೂರಿಗಿಂತ ಮುಂಚೆ ನಮಗೇ ಬಂತಾ ಸಾರ್?" ಎಂದು ಒಬ್ಬಳು ಎದೆಯುಬ್ಬಿಸಿ ಕೇಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ರೋಬೋ ಮಾತ್ರ ತನ್ನ ಬ್ಯಾಟರಿಯಲ್ಲಿ ಕತ್ತಲಲ್ಲೇ ಗಾಳಿಯಂತ್ರದ ತನಕ ಹೋಗಿ, ಮೂರು ಸಲ ತಳ್ಳಿ, ವಾಪಸು ಬಂತು. ಕತ್ತಲಲ್ಲಿ ಆ ಸದ್ದಷ್ಟೇ ಕೇಳಿಸಿಕೊಂಡು ಕೂತಿದ್ದೆವು.

ಹಳೆಯ ಇವಿ3 ತಯಾರಿಕೆ 2021ಕ್ಕೇ ನಿಂತಿತ್ತು. ಹೊಸ ಸ್ಪೈಕ್ ಪ್ರೈಮ್‌ಗೆ ಹಳೆಯ ಮೋಟಾರಿನ ವೈರು ಕೂರುವುದಿಲ್ಲ, ಪಿನ್ನೇ ಬೇರೆ. ಬೀಮುಗಳೂ ಹಲ್ಲುಚಕ್ರಗಳೂ ಮಾತ್ರ ಎರಡಕ್ಕೂ ಆಗುತ್ತವೆ. ಆ ಹಳೆಯ ವಿದ್ಯಾರ್ಥಿಯೇ ಮತ್ತಿಬ್ಬರು ಗೆಳೆಯರನ್ನು ಸೇರಿಸಿ ಎರಡು ಹೊಸ ಕಿಟ್ ಕೊಡಿಸಿದ. ಹಳೆಯದನ್ನು ಎಸೆಯಲಿಲ್ಲ. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಯ ಆರು, ಏಳನೇ ಕ್ಲಾಸಿನವರು ಶನಿವಾರ ಬಂದು ಕಲಿಯುವುದು ಅದರಲ್ಲೇ. ಕಲಿಸುವವಳು ಟಾರ್ಚಿನ ಹುಡುಗಿ. ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ, ತಿಂಗಳಿಗೆ ಎರಡು ಶನಿವಾರ ತಪ್ಪಿಸುವುದಿಲ್ಲ. ಮೊದಲ ಪಾಠಕ್ಕೆ ಅವಳು ತರುವುದು ಎರಡು ಹಲ್ಲುಚಕ್ರ, ಒಂದು 8ರದ್ದು, ಒಂದು 40ರದ್ದು. "ಯಾಕೆ?" ಅಂತ ಕೇಳಿ ಸುಮ್ಮನೆ ಕೂರುತ್ತಾಳೆ. ಮಕ್ಕಳು ತಿರುಗಿಸುತ್ತಾ ಇರುತ್ತಾರೆ. ನಾನು ಆಗ ಹೊರಗೆ ಹೋಗಿ ಟೀ ಕುಡಿದು ಬರುತ್ತೇನೆ.

2024ರಲ್ಲಿ ನಾಲ್ಕು ತಂಡ, ಮೂರು ಶಾಲೆ, ಮೂವತ್ತೇಳು ಮಕ್ಕಳು. ವಿಷಯ ಸಮುದ್ರದಾಳ. ಮೂವತ್ತೇಳರಲ್ಲಿ ಸಮುದ್ರ ನೋಡಿದವರು ನಾಲ್ವರು. ಅದರ ಕತೆ ಇನ್ನೊಮ್ಮೆ.

ಈಗ 2025ರದ್ದು ಅನ್‌ಅರ್ಥ್ಡ್, ಪುರಾತತ್ವ. ಅರ್ಧ ಮಕ್ಕಳು ಕೆಜಿಎಫ್ ಗಣಿ ಬೇಕು ಅಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ತಾತ ಒಬ್ಬಳ ಮನೆಯಲ್ಲಿದ್ದಾರೆ. "ತಾತ ಬದುಕಿರೋವಾಗ ಅದು ಪುರಾತತ್ವ ಹೆಂಗಾಗುತ್ತೆ?" ಎಂದು ಇನ್ನರ್ಧದವರು ಜಗಳ ತೆಗೆದರು. ಮೂರು ದಿನ ನಡೆಯಿತು. ನಾನು ಸ್ಟೂಲಿನಿಂದ ಏಳಲಿಲ್ಲ. ಕಡೆಗೆ ಊರ ಕೆರೆ ಕಟ್ಟೆಯ ಮೇಲೆ ಅರ್ಧ ಹೂತಿರುವ ವೀರಗಲ್ಲಿಗೆ ಒಮ್ಮತವಾಯಿತು. ಗಂಗರ ಕಾಲದಲ್ಲಿ ಕೋಲಾರಕ್ಕೆ ಕುವಲಾಲ ಅಂತ ಹೆಸರು, ಅದು ಅವರ ಮೊದಲ ರಾಜಧಾನಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಪೂರ್ತಿ ಈ ಜಿಲ್ಲೆಯ ಶಾಸನಗಳದ್ದೇ. ನಮ್ಮ ಊರಿನ ಕಲ್ಲು ಅದರಲ್ಲಿದೆಯೇ ಎಂದು ಹುಡುಕುವ ಕೆಲಸ ಇಬ್ಬರ ಪಾಲಿಗೆ, ಅಳೆಯುವ ಕೆಲಸ ಮೂವರ ಪಾಲಿಗೆ.

ಹೋದ ಭಾನುವಾರ ಅಲ್ಲಿಗೇ ಹೋಗಿದ್ದೆವು. ಬಟ್ಟೆ ಒಗೆಯುವವರು ಸೋಪು ಇಡುವ ಕಲ್ಲು ಅದು, ಮೇಲೆಲ್ಲ ಬಿಳಿ ಕಲೆ. ಕತ್ತಿ ಹಿಡಿದ ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಮಣ್ಣು ಸ್ವಲ್ಪ ಕೆರೆದರೆ ಕೆಳಗಿನ ಸಾಲು ಕಾಣಬಹುದೇನೋ ಅನ್ನಿಸಿ ನಾನು ಬಗ್ಗಿ ಕೈ ಹಾಕಿದೆ.

"ಸಾರ್, ಮುಟ್ಬೇಡಿ" ಅಂದ ಎಂಟನೇ ಕ್ಲಾಸಿನವನು, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ. "ಫೋಟೊ ಇನ್ನೂ ಆಗಿಲ್ಲ. ಅಲ್ಲಿ ಕೂತ್ಕೊಳಿ."

ಕಟ್ಟೆಯ ಮೇಲೆ ಹುಣಸೆ ಮರದ ನೆರಳಿತ್ತು. ಹೋಗಿ ಕೂತೆ. ದಂಡದ ಹತ್ತು ರೂಪಾಯಿ ಅಲ್ಲೇ ವಸೂಲಾಯಿತು.